ಕಾಲು ತೆಗೆದರೆ ಬಂದ್ ಬೀಳುವ ಗಾಡಿ
ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ನಮ್ಮದು 2011ರ ಪೆಟ್ರೋಲ್ ಕಾರು. ರೋಡಿನ ಮ್ಯಾಲ ಚೊಲೊ ಓಡ್ತದ. ಚಂದ್ರಂಪಳ್ಳಿ ಡ್ಯಾಮಿಗೆ ಹೋಗುವಾಗ ಕಾಡಿನ ತಿರುವಿನ್ಯಾಗ ರೇಸ್ ಬಿಟ್ಟು ಕ್ಲಚ್ ಒತ್ತಿದ್ರ ಬಂದ್ ಬೀಳ್ತದ. ಎಸಿ ಹಾಕಿದ್ರಂತೂ ಖಾತ್ರಿ. ಮತ್ತ ಚಾವಿ ತಿರುವಿ ಜರಾ ರೇಸ್ ಕೊಟ್ರ ಚಾಲೂ ಆಗ್ತದ. ಪ್ಲಗ್ ಹಾಕಿಸ್ದೆ, ಪೆಟ್ರೋಲ್ ಪಂಪ್ ಸೈತ ಬದಲಿಸ್ದೆ. ಮುಂದೇನು?
— ಓದುಗರೊಬ್ಬರು, ಚಿಂಚೋಳಿ

ಪಂಪಿನ ಹಣ ಉಳಿಸಬಹುದಿತ್ತು ನೋಡ್ರಿ. ಪೆಟ್ರೋಲ್ ಸಾಲದಿದ್ದರೆ ಗಾಡಿ ಏರಿನಲ್ಲಿ, ಲಾರಿ ಹಿಂದೆ ಹಾಕುವಾಗ ಎಳೆಯದೆ ಮುಗ್ಗರಿಸಬೇಕು. ಅಲ್ಲಿ ನಿಮ್ಮದು ಸರಿಯಾಗಿದೆ. ಕಾಲು ತೆಗೆದಾಗ ಮಾತ್ರ ಸಾಯುತ್ತದೆ ಅಂದರೆ ನನ್ನ ಮೊದಲ ಅನುಮಾನ ಗಾಳಿಯ ಮೇಲೆ.

ಆಕ್ಸಿಲರೇಟರ್ ಒತ್ತಿದಾಗ ಥ್ರಾಟಲ್ ಬಾಡಿಯೊಳಗಿನ ದುಂಡನೆಯ ಬಿಲ್ಲೆ ತೆರೆದು ಗಾಳಿ ಒಳಗೆ ಹೋಗುತ್ತದೆ. ಕಾಲು ತೆಗೆದರೆ ಅದು ಬಹುಪಾಲು ಮುಚ್ಚಿಕೊಳ್ಳುತ್ತದೆ. ಗಾಡಿ ಗೇರಿನಲ್ಲಿ ಉರುಳುತ್ತಿರುವಷ್ಟು ಹೊತ್ತು ಕಂಪ್ಯೂಟರ್ ಪೆಟ್ರೋಲನ್ನೇ ನಿಲ್ಲಿಸಿರುತ್ತದೆ. ಆರ್‌ಪಿಎಂ ಸಾವಿರದ ಇನ್ನೂರು, ಸಾವಿರದ ಐನೂರರ ಆಸುಪಾಸಿಗೆ ಇಳಿದಾಗ ಮತ್ತೆ ಬಿಡುತ್ತದೆ. ಆಗ ಎಂಜಿನ್ ಎಂಟುನೂರರ ಹತ್ತಿರ ನಿಲ್ಲಬೇಕಾದರೆ ಬಿಲ್ಲೆಯ ಅಂಚಿನ ಸಂದಿಯಿಂದ, ಪಕ್ಕದ ಸಣ್ಣ ದಾರಿಯಿಂದ ಚೂರು ಗಾಳಿ ಬರಬೇಕು. ತಂತಿಯ ಆಕ್ಸಿಲರೇಟರ್ ಇರುವ ಗಾಡಿಗಳಲ್ಲಿ ಆ ಪಕ್ಕದ ದಾರಿಯನ್ನು ಒಂದು ಐಡಲ್ ವಾಲ್ವ್ ಕಾಯುತ್ತದೆ. ಎರಡಕ್ಕೂ ಕಾರ್ಬನ್ ಹಿಡಿದಿದ್ದರೆ ಮುಳ್ಳು ಎಂಟುನೂರರಲ್ಲಿ ನಿಲ್ಲದೆ ಕೆಳಗೆ ಜಾರುತ್ತದೆ. ಎಸಿಯ ಭಾರ ಬಿದ್ದರೆ ಇನ್ನೂ ಬೇಗ. ಚೂರು ರೇಸ್ ಕೊಟ್ಟ ಕೂಡಲೇ ಚಾಲೂ ಆಗುವುದೂ ಇದೇ ಕಾರಣಕ್ಕೆ: ಬಿಲ್ಲೆ ತೆರೆದಾಗ ಗಾಳಿ ಸಿಕ್ಕಿತು.

ಏರ್ ಫಿಲ್ಟರಿನಿಂದ ಬರುವ ದಪ್ಪ ರಬ್ಬರ್ ಪೈಪ್ ಬಿಚ್ಚಿಸಿ ಟಾರ್ಚ್ ಹಿಡಿದು ನೋಡಿ. ಬಿಲ್ಲೆಯ ಅಂಚಿನ ಸುತ್ತ ಕಪ್ಪು ಉಂಗುರ ಕಾಣುತ್ತದೆ, ಬೆರಳಿಗೆ ಅಂಟುತ್ತದೆ. ಎಂಜಿನ್ನಿನ ಎಣ್ಣೆಯ ಆವಿ ಅಲ್ಲಿ ಕೂರುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ನಮ್ಮ ಕಡೆ ಧೂಳಿಗೆ ಬರವಿಲ್ಲ; ಸೇಡಂ, ವಾಡಿಯ ಸಿಮೆಂಟು, ಶಹಾಬಾದಿನ ಪರ್ಸಿ ಖಣಿ, ಮೇಲೆ ತೊಗರಿ ರಾಶಿ ಕಾಲದ ಹೊಲದ ಮಣ್ಣು. ಏರ್ ಫಿಲ್ಟರನ್ನು ಪದೇಪದೇ ಕಂಪ್ರೆಸರ್ ಗಾಳಿಯಿಂದ ಊದಿಸುವುದು ಇಲ್ಲಿನ ರೂಢಿ. ಕಾಗದ ಕಣ್ಣಿಗೆ ಕಾಣದಷ್ಟು ಹರಿಯುತ್ತದೆ, ಆಮೇಲೆ ಫಿಲ್ಟರ್ ಇದ್ದೂ ಇಲ್ಲದಂತೆ. ಗಾಡಿಯ ಪುಸ್ತಕದಲ್ಲಿ ಧೂಳಿನ ಪ್ರದೇಶಕ್ಕೆ ಬೇರೆ ಲೆಕ್ಕ ಕೊಟ್ಟಿರುತ್ತಾರೆ, ಅದರಂತೆ ಹೊಸದೇ ಹಾಕಿಸಿ.

ಥ್ರಾಟಲ್ ಕ್ಲೀನರ್ ಸ್ಪ್ರೇಯನ್ನು ಮೆತ್ತನೆ ಬಟ್ಟೆಗೆ ಹಾಕಿ ಒರೆಸಬೇಕು. ಎಮರಿ ಕಾಗದ, ಸ್ಕ್ರೂಡ್ರೈವರ್ ಹತ್ತಿರ ತರಬಾರದು. ಐಡಲ್ ವಾಲ್ವನ್ನೂ ಬಿಚ್ಚಿ ನೋಡಲು ಹೇಳಿ. "ಸ್ಲೋ ಏರಿಸಿ ಕೊಡ್ತೀನಿ" ಎಂದು ಬಿಲ್ಲೆಯ ಸ್ಕ್ರೂ ತಿರುಗಿಸಲು ಹೊರಟವರನ್ನು ತಡೆಯಿರಿ. ಅದು ರೋಗ ಮುಚ್ಚಿಡುವ ಕೆಲಸ. ಜೊತೆಗೆ ಎಂಜಿನ್ ಮೇಲಿನ ಸಣ್ಣ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ. ನಮ್ಮ ಬಿಸಿಲಿಗೆ ಬಿರಿಯುತ್ತವೆ. ಮೀಟರಿನಲ್ಲಿ ಎಂಜಿನ್ ಲೈಟ್ ಬರಲಿಲ್ಲವಲ್ಲ ಎಂದು ಸುಮ್ಮನಿರಬೇಡಿ. ಕಾರ್ಬನ್ ಕಟ್ಟಿದ್ದಕ್ಕೆ ಎಷ್ಟೋ ಸಲ ಲೈಟ್ ಬರುವುದೇ ಇಲ್ಲ.

ವಾಡಿ ರೈಲ್ವೆ ಗೇಟಿನ ಹತ್ತಿರ ಬ್ರೇಕ್ ಒತ್ತಿದರೆ ಎಂಜಿನ್ ನಡುಗಿ ನಿಲ್ಲುತ್ತದೆ. ಬ್ರೇಕ್ ಮುಟ್ಟದೆ ಹಾಗೇ ಉರುಳಿಬಿಟ್ಟರೆ ಏನೂ ಇಲ್ಲ. ಪೆಡಲ್ ಹತ್ತಿರ ಸುಸ್ ಎಂಬ ಸದ್ದು.
— ವಾಡಿ

ಅರ್ಧ ರೋಗ ನೀವೇ ಪತ್ತೆ ಮಾಡಿದ್ದೀರಿ. ಬ್ರೇಕ್ ಬೂಸ್ಟರ್ ಕೆಲಸ ಮಾಡುವುದು ಎಂಜಿನ್ ಗಾಳಿ ಎಳೆಯುವ ಬಲದ ಮೇಲೆ. ಅದರೊಳಗಿನ ರಬ್ಬರ್ ಹಾಳೆ ಹರಿದರೆ ಪೆಡಲ್ ಒತ್ತಿದಾಗಲೆಲ್ಲ ಲೆಕ್ಕಕ್ಕೆ ಸಿಗದ ಗಾಳಿ ಎಂಜಿನ್ನಿಗೆ ನುಗ್ಗುತ್ತದೆ, ಪೆಟ್ರೋಲಿನ ಹದ ಕೆಡುತ್ತದೆ. ಎಂಜಿನ್ ಆರಿಸಿ ನಾಲ್ಕೈದು ಸಲ ಬ್ರೇಕ್ ಒತ್ತಿ, ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ಚೂರು ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್, ಅದರ ಪೈಪ್, ಪೈಪಿನ ವಾಲ್ವ್ ಮೂರನ್ನೂ ನೋಡಿಸಿ. ಕಾರ್ಬನ್ ವಿಷಯ ಒಂದು ವಾರ ತಡೆಯುತ್ತದೆ. ಇದು ತಡೆಯುವುದಿಲ್ಲ, ಇವತ್ತೇ ಹೋಗಿ.

ಹೊಸ ಬ್ಯಾಟರಿ ಹಾಕಿಸಿದ ಮರುದಿನದಿಂದ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲುತ್ತಿದೆ. ಬ್ಯಾಟರಿ ಖರಾಬ್ ಕೊಟ್ಟಿದ್ದಾರೆಯೇ?
— ಸೇಡಂ

ಅಂಗಡಿಯವರ ಮೇಲೆ ಹೋಗುವ ಮೊದಲು ಟರ್ಮಿನಲ್ ಬಿಗಿ ಇದೆಯೇ ನೋಡಿ. ಬಿಗಿ ಇದ್ದರೆ ಬ್ಯಾಟರಿಯ ತಪ್ಪಲ್ಲ. ಕಾರ್ಬನ್ ಕಟ್ಟಿದಂತೆಲ್ಲ ಕಂಪ್ಯೂಟರ್ ಬಿಲ್ಲೆಯನ್ನೋ, ತಂತಿಯ ಗಾಡಿಯಾದರೆ ಐಡಲ್ ವಾಲ್ವನ್ನೋ ಕೂದಲೆಳೆಯಷ್ಟು ಹೆಚ್ಚು ತೆರೆದು ಹೊಂದಿಸಿಕೊಂಡು ಬಂದಿರುತ್ತದೆ. ಬ್ಯಾಟರಿ ತೆಗೆದಾಗ ಆ ನೆನಪು ಅಳಿಸಿಹೋಗುವ ಗಾಡಿಗಳು ಬಹಳ. ಹಳೆಯ ಕೊಳೆ ಈಗ ಬಯಲಾಗಿದೆ, ಅಷ್ಟೇ. ಥ್ರಾಟಲ್ ಒರೆಸಿಸಿ, ಎಸಿ, ಲೈಟು ಆರಿಸಿ, ರೇಸ್ ಕೊಡದೆ ಫ್ಯಾನ್ ತಿರುಗುವವರೆಗೆ ಎಂಜಿನ್ ಓಡಲು ಬಿಡಿ. ಅನೇಕ ಗಾಡಿಗಳು ಇಷ್ಟಕ್ಕೇ ಮತ್ತೆ ಕಲಿಯುತ್ತವೆ. ಕೆಲವಕ್ಕೆ ಸ್ಕ್ಯಾನರ್ ಹಚ್ಚಿಯೇ ಕಲಿಸಬೇಕು. ತಂತಿಯಿಲ್ಲದ ಎಲೆಕ್ಟ್ರಾನಿಕ್ ಥ್ರಾಟಲ್ ಆಗಿದ್ದರೆ ಚಾವಿ ಆನ್ ಇರುವಾಗ ಬಿಲ್ಲೆಯನ್ನು ಬೆರಳಿನಿಂದ ತಳ್ಳಬಾರದು, ಒಳಗಿನ ಹಲ್ಲು ಕೆಡುತ್ತದೆ, ಬೆರಳೂ ಸಿಕ್ಕೀತು.

ಎಲ್ಲರೂ ತಪ್ಪನ್ನು ಶೇ 20ರ ಎಥೆನಾಲ್ ಪೆಟ್ರೋಲಿನ ಮೇಲೆ ಹಾಕುತ್ತಾರೆ. ಗಾಡಿ ನಿಲ್ಲುವುದಕ್ಕೆ ಅದೇ ಕಾರಣವೇ?
— ಶಹಾಬಾದ್

ಹಳೆಯ ಗಾಡಿಯ ರಬ್ಬರ್ ಪೈಪು, ಸೀಲುಗಳ ಬಗ್ಗೆ ಆತಂಕ ಸುಳ್ಳಲ್ಲ, ಸರ್ವೀಸಿನಲ್ಲಿ ಅವನ್ನು ನೋಡಿಸಿ. ಆದರೆ ಪೆಟ್ರೋಲಿನ ದೋಷವಾದರೆ ಎಲ್ಲ ವೇಗದಲ್ಲೂ ಕಾಡಬೇಕು. ಸ್ಲೋ ಮಾಡಿದಾಗ ಮಾತ್ರ ಅಂದರೆ ಮೊದಲು ಥ್ರಾಟಲ್ ತೆರೆಯಿರಿ, ಪಂಪಿನವರ ಜೊತೆ ಜಗಳ ಆಮೇಲೆ.

ಇಳಿಜಾರಿನಲ್ಲಿ ಹೀಗೆ ಬಂದ್ ಬಿದ್ದರೆ? ನನ್ನ ಮಗಳು ಹೊಸದಾಗಿ ಓಡಿಸುತ್ತಾಳೆ.
— ಚಿತ್ತಾಪುರ

ಎಂಜಿನ್ ನಿಂತರೂ ಬೂಸ್ಟರಿನಲ್ಲಿ ಒಂದೆರಡು ಸಲದ ಬಲ ಉಳಿದಿರುತ್ತದೆ. ಬ್ರೇಕನ್ನು ಒತ್ತಿ ಒತ್ತಿ ಬಿಟ್ಟರೆ ಅದು ಖಾಲಿ. ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿದು, ನಾಲ್ಕೂ ಇಂಡಿಕೇಟರ್ ಹಾಕಿ ರಸ್ತೆಯ ಎಡಕ್ಕೆ ತರಲಿ. ಸ್ಟೀರಿಂಗ್ ಕಲ್ಲಿನಂತೆ ಭಾರ ಆಗುತ್ತದೆ, ಆದರೂ ಎರಡೂ ಕೈ ಹಾಕಿದರೆ ತಿರುಗುತ್ತದೆ. ಖಾಲಿ ಜಾಗದಲ್ಲಿ ಪಕ್ಕ ಕೂತು ಒಮ್ಮೆ ಬೇಕೆಂದೇ ಎಂಜಿನ್ ಆರಿಸಿ ಅವಳಿಗೆ ಈ ಭಾರ ತೋರಿಸಿ. ಗಾಡಿ ಪೂರ್ತಿ ನಿಲ್ಲುವವರೆಗೆ ಚಾವಿ ಹೊರಗೆ ಎಳೆಯಬಾರದು, ಸ್ಟೀರಿಂಗ್ ಲಾಕ್ ಆಗಿಬಿಡುತ್ತದೆ.