ತಪ್ಪು ಡಾಕ್ಟರದೋ, ಬಿಲ್ ಕೌಂಟರಿನದೋ?

ಪ್ರಶ್ನೆ: ನಾನು ವಿಶಾಖಪಟ್ಟಣದಲ್ಲಿದ್ದೇನೆ. ವಿಜಯವಾಡದಲ್ಲಿ ತಮ್ಮನಿಗೆ ಬೈಕ್ ಅಪಘಾತವಾಯಿತು. ಖಾಸಗಿ ಆಸ್ಪತ್ರೆಯವರು ಮುಂಗಡ ಕಟ್ಟುವವರೆಗೂ ತಲೆಯ ಸ್ಕ್ಯಾನ್ ಮಾಡಲಿಲ್ಲ. ಈಗ ಬಾಕಿ ತೀರಿಸದೆ ಮನೆಗೆ ಬಿಡುತ್ತಿಲ್ಲ. ಡಾಕ್ಟರ ಮೇಲೆ ದೂರು ಕೊಡಲೇ?

ಉತ್ತರ: ಅವಸರ ಬೇಡ. ಕೇಸ್‌ಶೀಟಿನ ಪ್ರತಿ ಲಿಖಿತವಾಗಿ ಕೇಳಿ. 72 ಗಂಟೆಯೊಳಗೆ ಕೊಡಬೇಕೆಂಬ ನಿಯಮವಿದೆ. ಡಾಕ್ಟರು ಸ್ಕ್ಯಾನ್ ಬರೆದ ಹೊತ್ತು, ರಸೀದಿಯ ಹೊತ್ತು, ಫಿಲ್ಮಿನ ಮೇಲಿನ ಹೊತ್ತು, ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಂದ ಕೂಡಲೇ ಬರೆದದ್ದು ರಸೀದಿ ಹರಿದ ಮೇಲಷ್ಟೇ ಆಗಿದ್ದರೆ ದೂರು ಆಡಳಿತದ ಮೇಲಿರಲಿ. ಪಾಳಿಯ ಡಾಕ್ಟರನ್ನು ಎಳೆಯಬೇಡಿ, ನಾಳೆ ನಿಮಗೆ ಸಾಕ್ಷಿಯಾಗಬಲ್ಲವರು ಅವರೇ. ಗಾಯಾಳುವಿನ ಜೀವ ಉಳಿಸುವುದು ಮೊದಲ ಕರ್ತವ್ಯ, ಖಾಸಗಿಯವರಿಗೂ ಅಷ್ಟೇ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ.

ಬಾಕಿಗಾಗಿ ರೋಗಿಯನ್ನು ಹಿಡಿದಿಡುವಂತಿಲ್ಲ. ಬಾಬ್ತುವಾರು ಬಿಲ್ ಕೇಳಿ, ತಕರಾರನ್ನು ಬರೆದು ಕೊಡಿ. ಆಗಲೂ ಬಿಡದಿದ್ದರೆ 112ಕ್ಕೆ ಕರೆಮಾಡಿ. ಅಪಘಾತವಾಗಿ ಏಳು ದಿನ ದಾಟಿಲ್ಲವೇ? ಹಾಗಿದ್ದರೆ 2025ರ ನಗದುರಹಿತ ಚಿಕಿತ್ಸಾ ಯೋಜನೆಯ ಬಗ್ಗೆ ಇಂದೇ ಠಾಣೆಯಲ್ಲಿ ವಿಚಾರಿಸಿ. ಮಿತಿ ಒಂದೂವರೆ ಲಕ್ಷ ರೂಪಾಯಿ.

ಪರಿಹಾರ ಬೇಕಿದ್ದರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಿ. ಹಣ ಕಟ್ಟಿದವರು ನೀವಾದರೆ ವಿಶಾಖಪಟ್ಟಣದಲ್ಲೇ ಹಾಕಬಹುದು. ತಡವಾದದ್ದರಿಂದ ತಮ್ಮನಿಗೆ ಹಾನಿಯಾಗಿದೆ ಎನಿಸಿದರೆ ಮಾತ್ರ, ಮೊದಲು ಬೇರೆ ನರರೋಗ ತಜ್ಞರಿಂದ ಲಿಖಿತ ಅಭಿಪ್ರಾಯ ಪಡೆದು ವಕೀಲರನ್ನು ಕಾಣಿ.