ಗರ್ಭಿಣಿಯ ಮನಸ್ಸು ಮತ್ತು ಹಲ್ಲು

ಪ್ರತಿಯೊಂದು ಮಗುವಿಗೂ ತಾಯಿಯು ಒಂದೊಂದು ಹಲ್ಲನ್ನು ತೆರಬೇಕೆಂಬ ನಂಬಿಕೆ ಬಹುಕಾಲದಿಂದಲೂ ಇದೆ. ಆದರೆ ಹಲ್ಲೆಂಬುದು ಬೇಕಾದಾಗ ಸುಣ್ಣಾಂಶವನ್ನು ಹಿಂತೆಗೆಯಬಹುದಾದ ಉಳಿತಾಯ ಖಾತೆಯಲ್ಲ. ಶಿಶುವಿಗೆ ಅಗತ್ಯವಾದ ಸುಣ್ಣಾಂಶ ತಾಯಿಯ ಆಹಾರದಿಂದ ಒದಗುತ್ತದೆ. ಅದು ಸಾಲದಾದರೆ ಆಕೆಯ ಎಲುಬುಗಳಿಂದ, ಹಲ್ಲುಗಳಿಂದಲ್ಲ.

ಹಾಗಾದರೆ ಒಸಡಿನಲ್ಲಿ ರಕ್ತ ಕಾಣಿಸುವುದೇಕೆ? ಈಸ್ಟ್ರೋಜನ್, ಪ್ರೊಜೆಸ್ಟರಾನ್ ಹಾರ್ಮೋನುಗಳು ಏರಿ, ಹಲ್ಲಿನ ಬುಡದಲ್ಲಿ ನಿಂತ ಅಲ್ಪ ಕೊಳೆಗೂ ಒಸಡು ಊದಿಕೊಳ್ಳುತ್ತದೆ. ಸಾಮಾನ್ಯವಾಗಿ ಎರಡನೆಯ ತಿಂಗಳಲ್ಲಿ ತೋರಿ ಎಂಟನೆಯದರವರೆಗೂ ಹೆಚ್ಚುವ ಈ ಬೇನೆಗೆ ಹೆದರಿ ಉಜ್ಜುವುದನ್ನೇ ಬಿಡುವವರುಂಟು. ಅದು ತಪ್ಪು. ಮೃದುವಾದ ಬ್ರಷ್ಷಿನಿಂದ ಎರಡು ಹೊತ್ತೂ ಉಜ್ಜಬೇಕು. ವಾಂತಿಯಾದೊಡನೆ ಮಾತ್ರ ಕೂಡದು. ಜಠರದ ಆಮ್ಲದಿಂದ ಹಲ್ಲಿನ ಹೊರಪದರ ಆಗ ಮೆದುವಾಗಿರುತ್ತದೆ. ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಬೆರೆಸಿ ಬಾಯಿ ಮುಕ್ಕಳಿಸಿ, ಒಂದು ಗಂಟೆ ತಡೆದು ಉಜ್ಜುವುದು ಲೇಸು. ಗುಜರಾತಿನ ಕೆಲವು ಸ್ತ್ರೀಯರು ಹಲ್ಲಿಗೆ ತಿಕ್ಕುವ 'ಬಜರ್' ಹೊಗೆಸೊಪ್ಪಿನ ಪುಡಿಯೇ ಆಗಿದೆ. ನೋವಿಗೆಂದು ಅದನ್ನು ಹಿಡಿದರೆ ಶಿಶುವಿನ ತೂಕಕ್ಕೇ ಕುಂದು.

ಮದುವೆಯಾಗಿ ಮಣಿನಗರಕ್ಕೆ ಬಂದ ಕನ್ನಡದ ಹುಡುಗಿಯ ಸ್ಥಿತಿ ಇಲ್ಲಿ ವಿಚಾರಾರ್ಹ. ಪತಿ ಕಚೇರಿಗೆ ಹೊರಟ ಮೇಲೆ ಮನೆಯಲ್ಲಿ ಮಾತಿಗೆ ಜನವಿಲ್ಲ. ಒಸಡಿಗೆ ಗುಜರಾತಿಯಲ್ಲಿ 'ಪೇಢಾ' ಎನ್ನುತ್ತಾರೆ. ಧಾರವಾಡದವಳಿಗೆ ಪೇಢೆಯೆಂದರೆ ಬೇರೆಯೇ! ತವರು ದೂರ. ಆಕೆ ಅತ್ತರೆ 'ಬಸುರಿಯ ಸಂಕಟ' ಎಂದು ಮನೆಯವರು ತಳ್ಳಿಹಾಕುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಅಭಿವೃದ್ಧಿಶೀಲ ದೇಶಗಳಲ್ಲಿ ಗರ್ಭಿಣಿಯರ ಪೈಕಿ ಶೇಕಡಾ 15.6, ಬಾಣಂತಿಯರ ಪೈಕಿ ಶೇಕಡಾ 19.8 ಮಂದಿ ಮಾನಸಿಕ ಅಸ್ವಾಸ್ಥ್ಯಕ್ಕೆ, ಮುಖ್ಯವಾಗಿ ಖಿನ್ನತೆಗೆ, ಒಳಗಾಗುತ್ತಾರೆ. ಎರಡು ವಾರ ಮೀರಿದ ದುಗುಡ, ನಿದ್ರಾಭಂಗ, ಯಾವುದರಲ್ಲಿಯೂ ಆಸಕ್ತಿಯಿಲ್ಲದಿರುವುದು ಸ್ವಭಾವದ ದೋಷವಲ್ಲ, ಚಿಕಿತ್ಸೆಯುಳ್ಳ ಕಾಯಿಲೆ. ಇಂಥ ದಿನಗಳಲ್ಲಿ ತಲೆ ಬಾಚುವುದು, ಹಲ್ಲುಜ್ಜುವುದು ಮುಂತಾದ ಚಿಕ್ಕ ಕೆಲಸಗಳೇ ಬೆಟ್ಟವಾಗುತ್ತವೆ. ಸೊಸೆ ಬ್ರಷ್ ಮುಟ್ಟದಿದ್ದರೆ ಸೋಮಾರಿಯೆನ್ನುವ ಮೊದಲು ಅತ್ತೆಯವರು ಪಕ್ಕದಲ್ಲಿ ಕುಳಿತು ವಿಚಾರಿಸಬೇಕು.

ಹಲ್ಲಿನ ಚಿಕಿತ್ಸೆಗೆ ನಾಲ್ಕರಿಂದ ಆರನೆಯ ತಿಂಗಳು ಅನುಕೂಲ. ಕೀವು, ತೀವ್ರ ನೋವು ಇದ್ದರೆ ಯಾವ ತಿಂಗಳಾದರೂ ಕಾಯಬಾರದು. ಗರ್ಭಿಣಿಯೆಂಬುದನ್ನು ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಟೆಟ್ರಾಸೈಕ್ಲಿನ್ ಔಷಧಿಯು ಹುಟ್ಟುವ ಮಗುವಿನ ಹಲ್ಲಿಗೆ ಕಲೆ ಹತ್ತಿಸಬಲ್ಲದು. 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರದ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಒಸಡಿನ ರಕ್ತವನ್ನೂ ಮನಸ್ಸಿನ ಭಾರವನ್ನೂ ಅಲ್ಲಿಯೇ ಹೇಳಬಹುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆಮಾಡಬಹುದು. ಭಾಷೆಯನ್ನು ಆರಿಸಿಕೊಳ್ಳುವ ಅವಕಾಶವೂ ಇದೆ, ಅವುಗಳಲ್ಲಿ ಕನ್ನಡವೂ ಒಂದು.