ಜಠರದ 'ಜಿಸ್ಟ್' ಗಡ್ಡೆ: ಪತ್ತೆ ಮತ್ತು ಶಸ್ತ್ರಚಿಕಿತ್ಸೆ

ಜಠರದ ಗಡ್ಡೆಗಳೆಲ್ಲ ಒಂದೇ ಜಾತಿಯವಲ್ಲ. ಸಾಮಾನ್ಯ ಜಠರ ಕ್ಯಾನ್ಸರ್ ಒಳಪೊರೆಯಲ್ಲಿ ಹುಟ್ಟಿದರೆ, ಅಪರೂಪದ ಜಿಸ್ಟ್ (ಗ್ಯಾಸ್ಟ್ರೋಇಂಟೆಸ್ಟಿನಲ್ ಸ್ಟ್ರೋಮಲ್ ಟ್ಯೂಮರ್) ಜಠರದ ಗೋಡೆಯೊಳಗೆ, ಕರುಳಿನ ಚಲನೆಗೆ ತಾಳ ಹಾಕುವ ಕಹಾಲ್ ಕೋಶಗಳ ಮೂಲದಿಂದ ಬೆಳೆಯುತ್ತದೆ. ಈ ವ್ಯತ್ಯಾಸವೇ ಪತ್ತೆಯನ್ನೂ ಚಿಕಿತ್ಸೆಯನ್ನೂ ನಿರ್ಧರಿಸಬೇಕು. ಎಂಡೋಸ್ಕೋಪಿಯಲ್ಲಿ ನಯವಾದ ಉಬ್ಬು ಮಾತ್ರ ಕಾಣಬಹುದು. ಬಯಾಪ್ಸಿ ಚಿಮುಟ ಕಿತ್ತು ತರುವುದು ಬಹುತೇಕ ಮೇಲ್ಪೊರೆಯ ಚೂರನ್ನು. ಹಾಗಾಗಿ ಬಯಾಪ್ಸಿ 'ನಾರ್ಮಲ್' ಎಂದು ಬಂದರೂ, ಕಪ್ಪು ಮಲ, ರಕ್ತಹೀನತೆ ಇರುವ ಗುಂಡ್ಲುಪೇಟೆಯ ರೋಗಿಯನ್ನು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟು ಕಳುಹಿಸುವುದು ತಪ್ಪು. ಸಿಟಿ ಸ್ಕ್ಯಾನ್, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಬೇಕು. ಗಡ್ಡೆಯ ಚೂರಿನ ಮೇಲೆ ಮಾಡುವ ಸಿಡಿ117, ಡಾಗ್1 ಪರೀಕ್ಷೆಗಳು ರೋಗವನ್ನು ಖಚಿತಪಡಿಸುತ್ತವೆ. ಗುಂಡ್ಲುಪೇಟೆಯ ಜಿಲ್ಲಾಕೇಂದ್ರ ಚಾಮರಾಜನಗರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1973ರಿಂದಲೂ ಇದೆ. ಅನುಮಾನ ಬಂದ ಕೂಡಲೇ ಮುಂದಕ್ಕೆ ಕಳುಹಿಸುವುದೇ ಮುಖ್ಯ.

ಕ್ಯಾನ್ಸರ್ ಎಂದಮೇಲೆ ಇಡೀ ಜಠರ ತೆಗೆಯುವುದೇ ಸುರಕ್ಷಿತವಲ್ಲವೇ ಎಂಬ ಆಕ್ಷೇಪವಿದೆ. ಅಲ್ಲ. ಜಿಸ್ಟ್ ದುಗ್ಧಗ್ರಂಥಿಗಳಿಗೆ ಹರಡುವುದು ವಿರಳ. ಅಂಚು ಶುದ್ಧವಾಗಿರುವಂತೆ ಗಡ್ಡೆಯಿರುವ ಭಾಗವನ್ನಷ್ಟೇ ಕತ್ತರಿಸಿದರೆ ಸಾಮಾನ್ಯವಾಗಿ ಸಾಕು. ಎಷ್ಟೋ ವೇಳೆ ಲ್ಯಾಪರೊಸ್ಕೋಪಿಯಲ್ಲೇ ಆಗುತ್ತದೆ. ಆದರೆ ಗಡ್ಡೆ ಒಡೆಯಬಾರದು. ಒಡೆದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲಿ ರೋಗ ಮರುಕಳಿಸುವ ಅಪಾಯ ಬಹಳ. ಗಾತ್ರ, ಕೋಶವಿಭಜನೆಯ ವೇಗ, ಜಾಗ ನೋಡಿ ಅಪಾಯ ಹೆಚ್ಚಿದ್ದವರಿಗೆ ಇಮಾಟಿನಿಬ್ ಮಾತ್ರೆಯನ್ನು ಸಾಮಾನ್ಯವಾಗಿ 3 ವರ್ಷ ಕೊಡುತ್ತಾರೆ. 1998ರಲ್ಲಿ ಜಪಾನಿನ ಹಿರೋಟಾ ತಂಡ ಕಂಡುಹಿಡಿದ ಕಿಟ್ ವಂಶವಾಹಿಯ ದೋಷವೇ ಈ ಮಾತ್ರೆಯ ಗುರಿ. ವಂಶವಾಹಿಯ ಎಲ್ಲ ರೂಪಾಂತರಗಳಿಗೂ ಮಾತ್ರೆ ನಾಟದು, ಆದ್ದರಿಂದ ವಂಶವಾಹಿ ಪರೀಕ್ಷೆ ಮೊದಲು. ಬೆಲೆ ಎಟುಕದು ಎಂಬ ಮಾತೂ ಈಗ ಹಳೆಯದು: ಈ ಔಷಧದ ಗ್ಲಿವೆಕ್ ರೂಪಕ್ಕೆ ನೊವಾರ್ಟಿಸ್ ಕೇಳಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತಿರಸ್ಕರಿಸಿತು, ಭಾರತದಲ್ಲಿ ಜನರಿಕ್ ಇಮಾಟಿನಿಬ್ ಸಿಗುತ್ತದೆ.